ಹಾಲೆಂಡಿನಲ್ಲಿ ನಮ್ಮ ಜೋಡುಗೈ ಸಿತಾರ್

ಹೊನ್ನಾವರ, ಹೊರಡುವ ಮೊದಲು

ಹಾಲೆಂಡಿನಿಂದ ಬಂದ ಆಮಂತ್ರಣ ಪತ್ರದಲ್ಲಿ ವಿಮಲಾ ಟೀಚರ್ ಹೆಸರಿನ ಮುಂದೆ 'ಕಲಾವಿದೆ' ಎಂದಿತ್ತು. ನನ್ನ ಹೆಸರಿನ ಮುಂದೆ 'ಸಹಾಯಕಿ' ಎಂದಿತ್ತು. ಓದಿದ ಕೂಡಲೇ ಸಿಟ್ಟು ಬಂತು. ಆದರೆ ಮೊದಲ ಸಲ ವಿಮಾನ ಹತ್ತುವ ಆಸೆ ಸಿಟ್ಟಿಗಿಂತ ದೊಡ್ಡದಾಗಿತ್ತು, ನುಂಗಿಕೊಂಡೆ. ಅಂದೇ ಎರಡು ಸಾಲು ಬರೆದು ಕೇಳಿದ್ದರೆ ಮುಂದಿನದೆಲ್ಲ ಆಗುತ್ತಲೇ ಇರಲಿಲ್ಲವೇನೋ.

ನಾನು ಗೀತಾ. ಹೊನ್ನಾವರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟೆಕ್ನಿಶಿಯನ್. ವಾರವಿಡೀ ಟೆಲಿಫೋನ್ ತಂತಿಗಳ ಜೊತೆ ಕೆಲಸ, ಭಾನುವಾರ ಮಾತ್ರ ಬೇರೆ ತಂತಿ. ಕುಮಟೆಗೆ ಬಸ್ಸು ಹತ್ತಿ ಹೋಗಿ ವಿಮಲಾ ಟೀಚರ್ ಹತ್ತಿರ ಸಿತಾರ್ ಕಲಿಯುತ್ತಿದ್ದೆ. ಟೀಚರ್ ಹೈಸ್ಕೂಲಿನಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ನಿವೃತ್ತಿಯ ಮರುವರ್ಷವೇ ಪಾರ್ಶ್ವವಾಯು ಬಡಿದು ಅವರ ಎಡಗೈ ನಿಂತುಹೋಯಿತು. ಸಿತಾರಿನಲ್ಲಿ ಬಲಗೈ ಮೀಟುತ್ತದೆ, ಎಡಗೈ ಸ್ವರ ಹಿಡಿಯುತ್ತದೆ. ಎಡಗೈ ಇಲ್ಲದಿದ್ದರೆ ಎಷ್ಟು ಮೀಟಿದರೂ ಒಂದೇ ಸ್ವರ. ಟೀಚರ್ ಸಿತಾರಿಗೆ ಹಳೆಯ ಸೀರೆ ಸುತ್ತಿ ಕಪಾಟಿನ ಮೇಲೆ ಇಟ್ಟುಬಿಟ್ಟರು. ನಾನು ಭಾನುವಾರ ಹೋದರೆ ಚಹಾ ಕೊಟ್ಟು, "ಬಸ್ಸಿಗೆ ಹೊತ್ತಾತು, ನೀ ಹೊರಡು" ಎನ್ನುತ್ತಿದ್ದರು. ಪಾಠದ ಮಾತೇ ಇಲ್ಲ.

ಭಟ್ಕಳದಲ್ಲಿ ಆಡಿದ ಮಾತು ಕುಮಟೆಯಲ್ಲಿ ಕೇಳಿಸುವಂತೆ ಮಾಡುವುದು ನನ್ನ ನೌಕರಿ. ಹಾಗಿದ್ದ ಮೇಲೆ ಒಬ್ಬರು ಮೀಟಿದ ತಂತಿಗೆ ಇನ್ನೊಬ್ಬರು ದೂರದಲ್ಲಿ ಕುಳಿತು ಸ್ವರ ಹಿಡಿಯಲು ಯಾಕೆ ಆಗಬಾರದು? ಈ ಯೋಚನೆ ಹೊಕ್ಕಮೇಲೆ ಮೂರು ವರ್ಷ ನಾನು ಬೇರೇನೂ ಯೋಚಿಸಲಿಲ್ಲ. ಟೀಚರ್ ಸಿತಾರಿನ ತಂತಿಗಳ ಕೆಳಗೆ ದನಿ ಹಿಡಿಯುವ ಪಿಕಪ್ ಕೂರಿಸಿದೆ. ಬೇರೆಯಾಗಿ ಒಂದು ಉದ್ದನೆಯ ಹಲಗೆ. ಅದರ ಮೇಲೆ ಬೆರಳೊತ್ತಿದರೆ ಬೆರಳು ಎಲ್ಲಿದೆ, ಎಷ್ಟು ಒತ್ತಿದೆ, ಎಷ್ಟು ಎಳೆದಿದೆ ಎಂಬುದು ನಡುವಿನ ಪೆಟ್ಟಿಗೆಗೆ ಅಂಕಿಗಳಾಗಿ ಹೋಗುತ್ತದೆ. ಟೀಚರ್ ಮೀಟಿದ ನಾದವನ್ನು ಪೆಟ್ಟಿಗೆ ಆ ಎತ್ತರಕ್ಕೆ ಏರಿಸಿ ಸ್ಪೀಕರಿಗೆ ಕಳಿಸುತ್ತದೆ. ಮೊದಲ ವರ್ಷವಂತೂ ಸ್ಪೀಕರಿನಲ್ಲಿ ಸಿತಾರಿನ ಬದಲು ರೇಡಿಯೋದ ಕೃಷಿ ಕಾರ್ಯಕ್ರಮವೇ ಕೇಳಿಸುತ್ತಿತ್ತು.

ಹಲಗೆ ಮಾಡಿಕೊಟ್ಟವರು ಭಟ್ಕಳದ ಯೂಸುಫ್ ಭಾಯಿ. ಬಾಗಿಲು, ಮಂಚ ಮಾಡುವ ಬಡಗಿ. ಸಂಗೀತ ಗೊತ್ತಿಲ್ಲ, ಆದರೆ ಬೆರಳು ಗೊತ್ತು. ನನ್ನ ಕೈಯನ್ನು ಹಲಸಿನ ಹಲಗೆಯ ಮೇಲೆ ಆಡಿಸಲು ಹೇಳಿ, "ಇಲ್ಲಿ ನಿಮ್ಮ ಬೆರಳು ತಡೀತದೆ ಅಕ್ಕ, ಇದು ಆಗೂದಿಲ್ಲ" ಎಂದು ನಾಲ್ಕು ಸಲ ಹಲಗೆಯನ್ನೇ ಬದಲಿಸಿದರು. ತಂತಿಯನ್ನು ಪಕ್ಕಕ್ಕೆ ಎಳೆದಂತೆ ಭಾಸವಾಗಲೆಂದು ನಡುವೆ ಸಣ್ಣ ಉಬ್ಬು ಕೊಟ್ಟದ್ದು ಅವರದೇ ಬುದ್ಧಿ. ಆ ಉಬ್ಬು ಇಲ್ಲದಿದ್ದರೆ ನಮ್ಮ ವಾದ್ಯ ಹಾರ್ಮೋನಿಯಂ ಆಗುತ್ತಿತ್ತು.

ಮೊದಲ ದಿನ ಟೀಚರ್ ಮೀಟಿದರು, ನಾನು ಒತ್ತಿದೆ. ಕೋಮಲ ಗಾಂಧಾರದ ಬದಲು ಶುದ್ಧ ಗಾಂಧಾರ ಬಂತು. "ಎಂತ ಮಾಡ್ತೆ ನೀ? ಇಷ್ಟು ವರ್ಷ ಕಲಿಸಿದ್ದು ಇದೇನಾ?" ಎಂದು ಟೀಚರ್ ಜೋರಾಗಿ ಬೈದರು. ಮೂರು ವರ್ಷದ ಮೇಲೆ ಬಿದ್ದ ಬೈಗುಳ. ನಾನು ಅತ್ತೆ. ಅವರೂ ಅತ್ತರು. ಆ ವಾದ್ಯಕ್ಕೆ ಜೋಡುಗೈ ಎಂದು ಹೆಸರಿಟ್ಟೆವು. ಅವರು ಮೀಟದಿದ್ದರೆ ಅದು ಮೂಕ, ನಾನು ಒತ್ತದಿದ್ದರೂ ಮೂಕ.

ಯಾಣದ ಬಂಡೆ ನೋಡಲು ಬಂದಿದ್ದ ಡಚ್ ಪ್ರೊಫೆಸರ್ ಒಬ್ಬರು ಕುಮಟೆಯ ಒಂದು ಸಣ್ಣ ಸಭೆಯಲ್ಲಿ ನಾವು ನುಡಿಸಿದ್ದನ್ನು ಕೇಳಿದರು. ಪೀಟರ್ ಎಂದು ಹೆಸರು, ಹೊಸ ವಾದ್ಯಗಳ ಮೇಲೆ ಸಂಶೋಧನೆ. ಮರುದಿನ ಭಟ್ಕಳಕ್ಕೆ ಕರೆದುಕೊಂಡು ಹೋಗೆಂದು ಹಟ ಹಿಡಿದು ಯೂಸುಫ್ ಭಾಯಿಯ ಅಂಗಡಿಯಲ್ಲಿ ಮೂರು ತಾಸು ಕುಳಿತರು, ಅವರ ಮನೆಯ ಬಿರಿಯಾನಿ ಉಂಡರು, ಅವರು ಉಳಿ ಹಿಡಿದ ಫೋಟೋ ತೆಗೆದುಕೊಂಡರು. ಆರು ತಿಂಗಳಿಗೆ ಅವರು ನಡೆಸುವ ವಾದ್ಯಗಳ ಉತ್ಸವಕ್ಕೆ ಆಮಂತ್ರಣ ಬಂತು. ಇಬ್ಬರಿಗೆ ಮಾತ್ರ. "ನಾನು ಬಂದು ಅಲ್ಲಿ ಎಂತ ಮಾಡಲಿ? ಹಲಗೆ ಬಂದರೆ ಸಾಕು" ಎಂದು ಯೂಸುಫ್ ಭಾಯಿ ನಕ್ಕರು.

ವಿಮಾನ ನಿಲ್ದಾಣ

ಇಳಿದ ಊರಿನ ತಪಾಸಣೆಯಲ್ಲಿ ಅಧಿಕಾರಿಯೊಬ್ಬ ಕೈಗವಸು ಹಾಕಿಕೊಂಡು ಒಣ ಸೋರೆಕಾಯಿಯಿಂದ ಮಾಡಿದ ಸಿತಾರಿನ ಬುರುಡೆಯನ್ನು ಬೆರಳಿನಿಂದ ತಟ್ಟಿದ.

"ಇದು ತರಕಾರಿಯೇ?"

ನಾನು ಟೀಚರಿಗೆ ಕನ್ನಡದಲ್ಲಿ ಹೇಳಿದೆ. ಅವರು ಗಂಭೀರವಾಗಿ, "ತರಕಾರಿನೇ. ಆದ್ರೆ ಐವತ್ತು ವರ್ಷ ಹಳೇದು, ಹುಳಿಗೆ ಆಗೂದಿಲ್ಲ ಅಂತ ಹೇಳು" ಎಂದರು.

ಹೇಳಿದೆ. ಅವನು ನಗಲಿಲ್ಲ, ಬರೆದುಕೊಂಡ. ತರಕಾರಿ ನೋಡುವ ಇನ್ನೊಬ್ಬಳು ಬಂದಳು. ಅವಳು ಪೆಟ್ಟಿಗೆಯ ವೈರುಗಳನ್ನು ಕಂಡು ಮತ್ತೊಬ್ಬನನ್ನು ಕರೆದಳು. ವಾದ್ಯವಾದರೆ ನುಡಿಸಿ ತೋರಿಸಿ ಎಂದರು. ಟೀಚರ್ ಬೆರಳಿಗೆ ಮಿಜ್ರಾಬಿನ ತಂತಿಯುಂಗುರ ಏರಿಸಿ ಮೀಟಿದರು. ಕರೆಂಟಿಲ್ಲ, ಪೆಟ್ಟಿಗೆ ಇಲ್ಲ, ಇನ್ನೇನು ಬರುತ್ತದೆ? ಒಂದೇ ಸ್ವರ, ಮತ್ತೆ ಅದೇ ಸ್ವರ.

"ಇಷ್ಟೇ ಏನು?" ಎಂದ ಅಧಿಕಾರಿ.

ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ, ಗೊತ್ತು. ಆದರೂ ಟೀಚರ್ ಮಿಜ್ರಾಬ್ ಕಳಚಿ ಪರ್ಸಿಗೆ ಹಾಕಿ, ಸಿತಾರಿಗೆ ಒಂದೇ ಕೈಯಲ್ಲಿ ಮತ್ತೆ ಸೀರೆ ಸುತ್ತತೊಡಗಿದರು.

ಮೊದಲ ಎರಡು ದಿನ

ನಮ್ಮನ್ನು ಪ್ರೊಫೆಸರ್ ಮನೆಯಲ್ಲೇ ಇಳಿಸಿದರು. ಆ ಬೀದಿಯಲ್ಲಿ ಯಾರ ಮನೆಯ ಕಿಟಕಿಗೂ ಪರದೆ ಇಲ್ಲ. ದಾರಿಯಲ್ಲಿ ಹೋಗುವವರಿಗೆ ಒಳಗೆ ಉಣ್ಣುವವರ ತಟ್ಟೆಯವರೆಗೂ ಕಾಣುತ್ತದೆ, ಆದರೆ ಯಾರೂ ನೋಡುವುದಿಲ್ಲ. ನಮ್ಮ ಕಡೆ ಪರದೆ ಹಾಕಿದರೂ ಬಿಡುವುದಿಲ್ಲ ಎಂದು ನಾನು ನಕ್ಕೆ. ಟೀಚರಿಗೆ ನಗು ಬರಲಿಲ್ಲ. ಅವರಿಗೆ ಬೇರೆ ತಾಪತ್ರಯ. ಮನೆಯವರೆಲ್ಲರ, ನೆಂಟರೆಲ್ಲರ ಹುಟ್ಟುಹಬ್ಬ ಬರೆದ ಕ್ಯಾಲೆಂಡರ್ ಪಾಯಿಖಾನೆಯ ಗೋಡೆಯ ಮೇಲಿತ್ತು.

"ಮನುಷ್ಯರ ಹೆಸರು ಬರೆದು ಅಲ್ಲಿ ತೂಗಿ ಹಾಕೂದಾ? ಅದರಲ್ಲಿ ಅವರ ಅಬ್ಬೆ ಹೆಸರೂ ಇರ್ತದಲೆ!"

ಅಲ್ಲಿ ಕುಳಿತಾಗ ದಿನಾ ಕಣ್ಣಿಗೆ ಬೀಳುತ್ತದೆ, ಯಾರ ಹುಟ್ಟುಹಬ್ಬವೂ ಮರೆಯುವುದಿಲ್ಲ ಎಂದು ಪ್ರೊಫೆಸರ್ ಹೆಂಡತಿ ವಿವರಿಸಿದರು. ಟೀಚರ್ ಒಪ್ಪಲಿಲ್ಲ. ಮಧ್ಯಾಹ್ನಕ್ಕೆ ತಣ್ಣನೆ ಬ್ರೆಡ್ಡು, ತಣ್ಣನೆ ಹಾಲು. ಅದನ್ನೂ ಒಪ್ಪಲಿಲ್ಲ. ಊರಿನಿಂದ ತಂದ ಉಪ್ಪಿನಕಾಯಿಯ ಬಾಟಲಿ ಎರಡೇ ದಿನಕ್ಕೆ ಅರ್ಧವಾಯಿತು.

ಲ್ಯಾಬಿನಲ್ಲಿ ಅನೆಕೆ ಎಂಬ ಹುಡುಗಿ ನಮ್ಮ ಜೊತೆಗಿದ್ದಳು. ಪ್ರೊಫೆಸರ್ ಕೈಕೆಳಗೆ ಕಂಪ್ಯೂಟರ್ ಪ್ರೋಗ್ರಾಂ ಬರೆಯುವವಳು, ಮಾತು ಕಡಿಮೆ. ಎರಡು ದಿನ ನನ್ನ ಹಲಗೆಯಿಂದ ಒಂದು ಕೇಬಲ್ ಎಳೆದು, ನಾನು ಒತ್ತಿದ್ದನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿದಳು. ನಾನು ಸಂಭ್ರಮದಿಂದ ನುಡಿಸಿದೆ. ನನ್ನ ಬೆರಳಿನ ಗೆರೆಗಳು ಪರದೆಯ ಮೇಲೆ ಏರಿಳಿಯುವುದನ್ನು ನೋಡಿ ಹಿಗ್ಗಿದೆ. ಯಾಕೆ ತುಂಬಿಸುತ್ತೀರಿ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಈಗ ನೆನೆದರೆ ನನ್ನ ಮೇಲೆಯೇ ರೇಗುತ್ತದೆ.

ಎರಡನೆಯ ದಿನ ಸಂಜೆ ಉತ್ಸವದ ಸಭಾಂಗಣದ ಮೊಗಸಾಲೆಯಲ್ಲಿ ವಾದ್ಯಗಳ ಪ್ರದರ್ಶನ ತೆರೆಯಿತು. ಜೋಡುಗೈಗೂ ಒಂದು ಜಾಗ, ಹಲಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಅದರ ಮೇಲೆ ಗೋಡೆಯಲ್ಲಿ ಆಳೆತ್ತರದ ಫೋಟೋ: ಉಳಿ ಹಿಡಿದ ಎರಡು ಕೈ. ಬಲಗೈಯ ಹೆಬ್ಬೆರಳಿನ ಗಾಯದ ಕಲೆ ನೋಡಿದ ಕೂಡಲೇ ಯೂಸುಫ್ ಭಾಯಿ ಎಂದು ಗುರುತು ಹಿಡಿದೆ. ಮುಖ ಇರಲಿಲ್ಲ. ಕೆಳಗೆ ಇಂಗ್ಲಿಷಿನಲ್ಲಿ, 'ಮರದ ಕೆಲಸ: ಅನಾಮಿಕ ಗ್ರಾಮೀಣ ಕುಶಲಕರ್ಮಿ, ದಕ್ಷಿಣ ಭಾರತ' ಎಂದಿತ್ತು. ಅದರ ಕೆಳಗೆ ಪ್ರೊಫೆಸರ್ ಹೆಸರು, ಲ್ಯಾಬಿನ ಹೆಸರು, ಕ್ಯಾಮೆರಾ ಹಿಡಿದವರ ಹೆಸರು.

ಅನಾಮಿಕ! ಮೂರು ತಾಸು ಅವರ ಸ್ಟೂಲಿನ ಮೇಲೆ ಕುಳಿತು, ಅವರ ಹೆಂಡತಿ ಮಾಡಿದ ಬಿರಿಯಾನಿಯನ್ನು ಎರಡು ಸಲ ಬಡಿಸಿಕೊಂಡು ಉಂಡು, ಹೆಸರು ಗೊತ್ತಿಲ್ಲವೇ? ನಮ್ಮೂರ ಬಸ್ಸಿನಲ್ಲಿ ಪಕ್ಕ ಕುಳಿತವರು ಕೂಡ ಇಳಿಯುವುದರೊಳಗೆ ನಿಮ್ಮ ಹೆಸರು, ಊರು, ಯಾರ ಮಗಳು ಎಂದು ಕೇಳಿಯೇ ಇಳಿಯುತ್ತಾರೆ. ನಾನು ಪ್ರೊಫೆಸರನ್ನು ಹುಡುಕಿಕೊಂಡು ಹೋಗಿ ಕೇಳಿದೆ.

ಅವರು ನನ್ನ ಭುಜ ತಟ್ಟಿದರು. "ಗೀತಾ, ಇದರಲ್ಲಿ ಒಂದು ಕಾವ್ಯವಿದೆ. ಹೆಸರು ಬೇಡದ ಕೈಗಳು."

"ಅವರಿಗೆ ಹೆಸರು ಬೇಡ ಎಂದು ನಿಮಗೆ ಹೇಳಿದ್ದಾರೆಯೇ?"

"ಮುಂದಿನ ಸಲ ನೋಡೋಣ. ಅಚ್ಚಾಗಿ ಹೋಗಿದೆ."

ಮೂರನೆಯ ದಿನ

ಬೆಳಿಗ್ಗೆ ಪ್ರೊಫೆಸರ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹಬ್ಬದ ಸುದ್ದಿ ಹೇಳುವವರ ಹಾಗೆ ಹೇಳಿದರು. ನಾಳಿನ ಕಾರ್ಯಕ್ರಮದಲ್ಲಿ ಟೀಚರ್ ಮೀಟುತ್ತಾರೆ, ಎಡಗೈಯ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಎರಡು ದಿನದಲ್ಲಿ ಅದು ನನ್ನ ಬೆರಳುಗಳಿಂದ ಎಲ್ಲ ಕಲಿತಿದೆ. ಟೀಚರಿಗೆ ಇನ್ನು ಮೇಲೆ ಯಾರ ಹಂಗೂ ಇಲ್ಲ.

"ನಾನು?" ಎಂದೆ.

"ನೀನು ಮೂರನೆಯ ಸಾಲಿನಲ್ಲಿ ಕುಳಿತುಕೋ. ನಿನಗೆ ಹೆಮ್ಮೆ ಆಗುತ್ತದೆ."

ನನ್ನ ಇಂಗ್ಲಿಷ್ ಎಕ್ಸ್‌ಚೇಂಜಿನ ಮ್ಯಾನುಯಲ್ ಓದಿ ಕಲಿತದ್ದು. ಸಿಟ್ಟು ಬಂದರೆ ಅದೂ ಕೈಕೊಡುತ್ತದೆ. ಆದರೂ ಹೇಳಿದೆ. ಈ ವಾದ್ಯ ಇಬ್ಬರು ಮನುಷ್ಯರಿಗಾಗಿ ಮಾಡಿದ್ದು. ಟೀಚರ್ ಮೀಟುವ ಮೊದಲು ಉಸಿರೆಳೆಯುತ್ತಾರೆ, ಅದನ್ನು ಕೇಳಿ ನಾನು ಬೆರಳು ಇಡುತ್ತೇನೆ. ನಾನು ಎಳೆದ ಸ್ವರ ಕೇಳಿ ಅವರು ಮುಂದಿನದನ್ನು ಮೀಟುತ್ತಾರೆ. ನಿಮ್ಮ ಯಂತ್ರ ಯಾರ ಉಸಿರು ಕೇಳುತ್ತದೆ? ನಿಮ್ಮ ಪತ್ರದಲ್ಲೇ ಒಟ್ಟಾಗಿ ನುಡಿಸುವ ವಾದ್ಯಗಳ ಉತ್ಸವ ಎಂದು ಬರೆದಿದ್ದೀರಲ್ಲ, ಒಟ್ಟಾಗಿ ಎಂದರೆ ಏನು?

"ಮನುಷ್ಯ ಮತ್ತು ಯಂತ್ರ ಒಟ್ಟಾಗಿ" ಎಂದರು ಪ್ರೊಫೆಸರ್. ಶಾಂತವಾಗಿಯೇ ಹೇಳಿದರು. ಆ ಶಾಂತಿಯೇ ನನ್ನ ಮೈ ಉರಿಸಿತು. "ವಾದ್ಯದ ಮಾಲೀಕರು ಟೀಚರ್. ಅವರನ್ನೇ ಕೇಳೋಣ."

ನಾನು ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಬೇಕೆಂದೇ ಕಾರ ಹಚ್ಚಿ ಹೇಳಿದೆ. ಟೀಚರ್ ಕೇಳಿಸಿಕೊಂಡರು. ಪ್ರೊಫೆಸರನ್ನು ನೋಡಿದರು, ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ ಅನೆಕೆಯನ್ನು ನೋಡಿದರು.

"ಆತು" ಎಂದರು.

"ಎಂತ ಟೀಚರ್, ಆತು ಅಂದ್ರೆ?"

"ಆತು ಅಂದ್ರೆ ಆತು. ಹೇಳು ಅವರಿಗೆ."

ಹೇಳಿದೆ. ಪ್ರೊಫೆಸರ್ ಚಪ್ಪಾಳೆ ತಟ್ಟಿದರು. ಆ ಮಧ್ಯಾಹ್ನ ನಾನು ಒಬ್ಬಳೇ ಕಾಲುವೆಯ ದಂಡೆಯ ಮೇಲೆ ಬಹಳ ಹೊತ್ತು ಅಡ್ಡಾಡಿದೆ. ಅಲ್ಲಿ ಕಾಲುವೆಯ ನೀರು ರಸ್ತೆಗಿಂತ ಎತ್ತರದಲ್ಲಿ ಹರಿಯುತ್ತದೆ. ಎಂಜಿನಿಯರುಗಳು ಕಟ್ಟಿದ ದೇಶ, ನನ್ನಂಥವಳು ಬಾಯಿ ಬಿಟ್ಟು ನೋಡಬೇಕಾಗಿತ್ತು. ನನಗೆ ಏನೂ ಕಾಣಲಿಲ್ಲ. ಪ್ರೊಫೆಸರ್ ಮೇಲಿನ ಸಿಟ್ಟು ಒಂದು ಪಾಲಾದರೆ, ಟೀಚರ್ ಮೇಲಿನ ಸಿಟ್ಟು ಮೂರು ಪಾಲು. ಮೂರು ವರ್ಷ ಪ್ರತಿ ಭಾನುವಾರ ಯಾರಿಗಾಗಿ ಬಸ್ಸು ಹತ್ತಿದೆ? ಯಾರ ಹಂಗೂ ಇಲ್ಲ ಎಂದೊಡನೆ ನನ್ನನ್ನು ಬಿಟ್ಟುಕೊಟ್ಟರಲ್ಲ!

ನಾಲ್ಕನೆಯ ದಿನ, ಸಂಜೆ ನಾಲ್ಕು ಗಂಟೆ

ಸಭಾಂಗಣ ತುಂಬಿತ್ತು. ನಾನು ಮೂರನೆಯ ಸಾಲಿನಲ್ಲಿ ಕೋಟು ಕೂಡ ತೆಗೆಯದೆ ಕುಳಿತೆ. ವೇದಿಕೆಯ ಮೇಲೆ ಟೀಚರ್, ಅವರ ತೊಡೆಯ ಮೇಲೆ ಸಿತಾರ್. ನಾನು ಕೂರಬೇಕಾದ ಜಾಗದಲ್ಲಿ ಮೇಜು, ಮೇಜಿನ ಮೇಲೆ ಕಂಪ್ಯೂಟರ್. ನನ್ನ ಹಲಗೆಯನ್ನು ಪ್ರದರ್ಶನದಿಂದ ತಂದು ಶೋಭೆಗೆಂದು ಪಕ್ಕದಲ್ಲಿ ಒರಗಿಸಿದ್ದರು. ಪ್ರೊಫೆಸರ್ ಹತ್ತು ನಿಮಿಷ ಭಾಷಣ ಮಾಡಿದರು. ಬೆಳಕು ಟೀಚರ್ ಮೇಲೆ ಬಿತ್ತು.

ಟೀಚರ್ ಮೀಟಲಿಲ್ಲ.

ಜನ ಕಾದರು. ಟೀಚರ್ ಬಲಗೈಯನ್ನು ತಂತಿಯ ಹತ್ತಿರ ಇಟ್ಟುಕೊಂಡು, ಬಸ್ಸು ಕಾಯುವವರ ಹಾಗೆ ನೆಟ್ಟಗೆ ಕುಳಿತಿದ್ದರು. ಅವರು ಮೀಟದೆ ಕಂಪ್ಯೂಟರ್ ಏನು ಮಾಡೀತು? ಏರಿಸಲು ನಾದವೇ ಇಲ್ಲ. ಪರದೆಯ ಮೇಲೆ ನನ್ನ ಬೆರಳಿನ ಗೆರೆಗಳು ತಮ್ಮಷ್ಟಕ್ಕೆ ತಾವೇ ಕುಣಿಯುತ್ತಿದ್ದವು, ಸ್ಪೀಕರ್ ಮೂಕ. ಒಂದು ನಿಮಿಷವಾಯಿತು, ಎರಡಾಯಿತು. ಯಾರೋ ಕೆಮ್ಮಿದರು. ಪ್ರೊಫೆಸರ್ ವೇದಿಕೆಯ ಅಂಚಿಗೆ ಬಂದು ಕೈಸನ್ನೆ ಮಾಡಿದರು. ಟೀಚರ್ ಅವರತ್ತ ನೋಡಲೇ ಇಲ್ಲ.

"ಗೀತಾ" ಎಂದು ಕರೆದರು, ತರಗತಿಯಲ್ಲಿ ಹಾಜರಿ ಕೂಗುವ ಧ್ವನಿಯಲ್ಲಿ. "ಅಲ್ಲಿ ಕೂತ್ಕೊಂಡು ಎಂತ ಮಾಡ್ತೆ? ಬಾ ಇಲ್ಲಿ."

ನಾನು ಎದ್ದೆ. ಯಾರ್ಯಾರದೋ ಕಾಲು ತುಳಿದುಕೊಂಡು, ಸಾರಿ ಸಾರಿ ಎನ್ನುತ್ತ ವೇದಿಕೆ ಹತ್ತಿದೆ. ಹಲಗೆಯ ಕೇಬಲ್ ಎಲ್ಲಿದೆಯೋ ಕಾಣದು. ಅಷ್ಟರಲ್ಲಿ ಪಕ್ಕದಿಂದ ಅನೆಕೆ ಓಡಿ ಬಂದಳು. ಪ್ರೊಫೆಸರ್ ಏನೋ ಹೇಳಿದರು, ಡಚ್ಚಿನಲ್ಲಿ. ಅವಳು ಕಿವಿಗೆ ಹಾಕಿಕೊಳ್ಳದೆ ಕಂಪ್ಯೂಟರಿನ ಕೇಬಲ್ ಕಿತ್ತು, ಹಲಗೆಯದನ್ನು ಪೆಟ್ಟಿಗೆಗೆ ಸಿಕ್ಕಿಸಿ, ನನ್ನತ್ತ ತಲೆಯಾಡಿಸಿ, ಬಂದ ಹಾಗೆಯೇ ಓಡಿದಳು.

ಎರಡು ದಿನ ಕಂಪ್ಯೂಟರಿಗೆ ಕಲಿಸಿದ್ದು ಬೆಳಗಿನ ರಾಗ ತೋಡಿ. ಟೀಚರ್ ಉಸಿರೆಳೆದು ಭೀಮಪಲಾಸಿ ಎತ್ತಿಕೊಂಡರು. ಸಂಜೆ ನಾಲ್ಕು ಗಂಟೆಗೆ ಅದೇ ತಾನೆ ಸರಿ. ಮೊದಲ ಸ್ವರದಲ್ಲಿ ನನ್ನ ಬೆರಳು ಜಾರಿತು. ಟೀಚರ್ ಮೈಕಿನ ಮುಂದೆಯೇ "ಹ್ಞೂಂ?" ಎಂದರು. ಸರಿಮಾಡಿಕೊಂಡೆ. ಆಮೇಲೆ ನಲವತ್ತು ನಿಮಿಷ ಏನಾಯಿತೋ ನನಗೆ ಸರಿಯಾಗಿ ನೆನಪಿಲ್ಲ. ಕೋಟು ಹಾಕಿಕೊಂಡೇ ನುಡಿಸಿದೆ, ಬೆವರು ಬೆರಳಿಗೆ ಇಳಿಯುತ್ತಿತ್ತು, ಅಷ್ಟು ನೆನಪಿದೆ.

ಮುಗಿದಾಗ ಜನ ಎದ್ದು ನಿಂತರು. ಚಪ್ಪಾಳೆಯ ನಡುವೆ ಟೀಚರನ್ನು ಕೇಳಿದೆ, "ನಿನ್ನೆ ಆತು ಅಂದಿದ್ದು ಎಂತಕ್ಕೆ?"

"ನಿನ್ನೆ ಬೇಡ ಅಂದಿದ್ರೆ ಅವ ಕಾರ್ಯಕ್ರಮನೇ ತೆಗೆದುಬಿಡ್ತಿದ್ದ. ವೇದಿಕೆ ಹತ್ತಿದ ಮೇಲೆ ಯಾರು ಇಳಿಸ್ತಾರೆ?"

"ನಂಗಾದ್ರೂ ಹೇಳೂದಲ್ವಾ?"

"ನಿನ್ನ ಮುಖ ನೋಡಿದ್ರೆ ಎಲ್ಲ ಗೊತ್ತಾಗ್ತದೆ ಮಾರಾಯ್ತಿ. ನೀ ಸಿಟ್ಟಲ್ಲಿದ್ದದ್ದೇ ಒಳ್ಳೇದಾತು."

ಆಗ ಪ್ರೊಫೆಸರ್ ಮೈಕ್ ಹಿಡಿದುಕೊಂಡು ಬಂದರು. ಕ್ಷಮೆ ಕೇಳುತ್ತಾರೆ ಎಂದುಕೊಂಡೆ. ಅವರು ಸಭೆಗೆ ಹೇಳಿದ್ದು ಇದು: ಯಂತ್ರ ಸೋತು ಮನುಷ್ಯ ಬರುವ ಈ ನಾಟಕ, ಆರಂಭದ ಆ ದೀರ್ಘ ಮೌನ, ಎಲ್ಲವೂ ನಮ್ಮ ಪ್ರಯೋಗದ ಭಾಗ. ಇನ್ನೊಂದು ಸಲ ಚಪ್ಪಾಳೆ ಬಿತ್ತು. ಟೀಚರ್ ಮಾಡಿದ ಮುಷ್ಕರವನ್ನು ಕಣ್ಣೆದುರೇ ತಮ್ಮ ಜೇಬಿಗೆ ಹಾಕಿಕೊಂಡರು!

ಹೊರಡುವ ದಿನ

ಬೆಳಿಗ್ಗೆ ಪೆಟ್ಟಿಗೆ ಕಟ್ಟುತ್ತಿರುವಾಗ ಅನೆಕೆ ಬಂದಳು. ಬಾಗಿಲಲ್ಲೇ ನಿಂತು, ಒಂದು ಸಲ ಹಲಗೆಯ ಮೇಲೆ ತಾನು ಕೈ ಇಡಬಹುದೇ ಎಂದು ಕೇಳಿದಳು. ಎಲ್ಲವನ್ನೂ ಮತ್ತೆ ಬಿಚ್ಚಿದೆವು. ಟೀಚರ್ ಮೀಟಿದರು, ಅವಳು ಒತ್ತಿದಳು.

"ತಪ್ಪು. ಮತ್ತೆ" ಎಂದರು ಟೀಚರ್, ಕನ್ನಡದಲ್ಲಿ.

ಅನುವಾದ ಬೇಕಾಗಲಿಲ್ಲ. ಮತ್ತೆ ಒತ್ತಿದಳು. "ತಪ್ಪು. ಮತ್ತೆ." ನನ್ನ ಬೆರಳಿನ ಒಂದೊಂದು ಅಂಕಿಯೂ ಅವಳಿಗೆ ಬಾಯಿಪಾಠವಿತ್ತು, ಆದರೆ ತನ್ನ ಬೆರಳು ಮಾತು ಕೇಳಲಿಲ್ಲ. ಏಳನೆಯದೋ ಎಂಟನೆಯದೋ ಸಲಕ್ಕೆ ಒಂದೇ ಒಂದು ಸ್ವರ ಸರಿಯಾಗಿ ಕುಳಿತಿತು. ಅವಳ ಮುಖ ಕೆಂಪಾಯಿತು. ಟೀಚರ್ ಉಳಿದಿದ್ದ ಉಪ್ಪಿನಕಾಯಿಯ ಬಾಟಲಿಯನ್ನು ಅವಳ ಕೈಗೆ ಕೊಟ್ಟುಬಿಟ್ಟರು. ಆ ದೇಶದಲ್ಲಿ ಅದಕ್ಕಿಂತ ಬೆಲೆಬಾಳುವ ವಸ್ತು ಅವರ ಹತ್ತಿರ ಬೇರೆ ಇರಲಿಲ್ಲ.

ಭಟ್ಕಳ

ಎರಡು ತಿಂಗಳಾದ ಮೇಲೆ ಉತ್ಸವದ ಪುಸ್ತಕ ಅಂಚೆಯಲ್ಲಿ ಬಂತು. ದಪ್ಪ ಕಾಗದ, ಬಣ್ಣದ ಚಿತ್ರ. ನಮ್ಮ ಮೌನದ ಬಗ್ಗೆ ಪ್ರೊಫೆಸರ್ ನಾಲ್ಕು ಪುಟ ಬರೆದಿದ್ದರು. ನಾನು ಅದರಲ್ಲೂ ಸಹಾಯಕಿ. ಯೂಸುಫ್ ಭಾಯಿ ಅದರಲ್ಲೂ ಅನಾಮಿಕ. ಮುಂದಿನ ಸಲ ಎಂದಿದ್ದರಲ್ಲ!

ಪುಸ್ತಕವನ್ನೂ ಹಲಗೆಯನ್ನೂ ಎತ್ತಿಕೊಂಡು ಭಟ್ಕಳದ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಯೂಸುಫ್ ಭಾಯಿ ಬಾಗಿಲಿಗೆ ಕೀಲು ಕೂರಿಸುತ್ತಿದ್ದರು. ಎಲ್ಲವನ್ನೂ ಓದಿ, ಅರ್ಥ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಧ್ವನಿ ಏರಿತು. ಅವರಿಗೂ ನನ್ನಷ್ಟೇ ಸಿಟ್ಟು ಬರಲಿ ಎಂದು ಕಾದೆ. ಅವರು ಕನ್ನಡಕ ಏರಿಸಿಕೊಂಡು ಪ್ರದರ್ಶನದ ಚಿತ್ರವನ್ನೇ ನೋಡುತ್ತಿದ್ದರು.

"ಅಕ್ಕ, ಇದೆಂತ ಇದು? ಹಲಗೆ ಹಿಂದೆ ಗೋಡೆಗೆ, ಬಿಳಿ ಪೈಪ್ ಪೈಪ್ ಹಾಗೆ?"

"ಅದು ಹೀಟರ್. ಅಲ್ಲಿ ಚಳಿ ಅಲ್ವಾ, ಗೋಡೆಗೆಲ್ಲ ಹಾಕಿರ್ತಾರೆ."

ಯೂಸುಫ್ ಭಾಯಿ ಎದ್ದುಬಿಟ್ಟರು. "ಹೀಟರಿಗೆ ಒರಗಿಸಿ ನಿಲ್ಲಿಸಿದಾರಾ? ಹಲಸಿನ ಮರವನ್ನಾ? ಎಷ್ಟು ದಿನ?"

"ಎರಡು ದಿನ ಇರಬೇಕು."

ಹಲಗೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ಬೆಳಕಿಗೆ ಹಿಡಿದರು. ಉಬ್ಬಿನ ಪಕ್ಕ, ಕೂದಲೆಳೆಯಷ್ಟು ಸಣ್ಣ ಬಿರುಕು. ಎರಡು ತಿಂಗಳು ದಿನಾ ಮುಟ್ಟುತ್ತಿದ್ದ ನನಗೆ ಅದು ಕಂಡಿರಲಿಲ್ಲ. ಅವರು ಉಗುರಿನಿಂದ ಅದರ ಉದ್ದಕ್ಕೂ ಸವರಿದರು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

"ಹೆಸರು ಬರೀಲಿಲ್ಲ, ಹೋಗ್ಲಿ. ಮರ ಎಂತ ಮಾಡಿತ್ತು ಅವರಿಗೆ? ಅಷ್ಟು ದೊಡ್ಡ ಪ್ರೊಫೆಸರ್, ನನ್ನ ಅಂಗಡಿಯಲ್ಲಿ ಕೂತು ಅಷ್ಟೆಲ್ಲ ಕೇಳಿದರಲ್ಲ, ಮರವನ್ನು ಬೆಂಕಿ ಹತ್ತಿರ ಇಡಬಾರದು ಅಂತ ಗೊತ್ತಾಗಲಿಲ್ವಾ? ಕಾಗದ ತಗೊಳ್ಳಿ ಅಕ್ಕ. ಬರೀರಿ."

ಅಂಗಡಿಯ ರಸೀದಿ ಪುಸ್ತಕದ ಹಿಂಬದಿಯಲ್ಲೇ ಬರೆದೆ. ಅವರು ಹೇಳಿದ್ದನ್ನು ಹೇಳಿದ ಹಾಗೆ ಇಂಗ್ಲಿಷಿಗೆ ತಿರುಗಿಸಿದೆ. ಇನ್ನು ಮುಂದೆ ಯಾರ ವಾದ್ಯ ಬಂದರೂ ಹೀಟರಿನಿಂದ ಎರಡು ಮಾರು ದೂರ ಇಡಬೇಕು. ನಿಲ್ಲಿಸಬಾರದು, ಮಲಗಿಸಬೇಕು. ಕೆಳಗೆ ಬಟ್ಟೆ ಹಾಸಬೇಕು. ಗೊತ್ತಿಲ್ಲದಿದ್ದರೆ ಕೇಳಬೇಕು. ಮೌನದ ಬಗ್ಗೆ, ಕೈಗಳ ಬಗ್ಗೆ, ಅನಾಮಿಕದ ಬಗ್ಗೆ ಒಂದು ಮಾತೂ ಹೇಳಲಿಲ್ಲ. ನಾನೂ ಸೇರಿಸಲಿಲ್ಲ.

ಕೊನೆಗೆ ಪೆನ್ನು ಅವರ ಕೈಗೆ ಕೊಟ್ಟೆ. ಮರಕ್ಕೆ ಗುರುತು ಹಾಕುವ ಪೆನ್ಸಿಲ್ಲೇ ವಾಸಿ ಎಂದು ಕಿವಿಯ ಸಂದಿಯಿಂದ ಅದನ್ನು ತೆಗೆದರು. ಇಂಗ್ಲಿಷ್ ಅಕ್ಷರ ಅವರಿಗೆ ಅಭ್ಯಾಸವಿಲ್ಲ. ಒಂದೊಂದನ್ನೂ ನನ್ನನ್ನು ಕೇಳಿ ಕೇಳಿ, ದಪ್ಪಗೆ, ಒತ್ತಿ ಬರೆದರು: ಯೂಸುಫ್, ಬಡಗಿ, ಭಟ್ಕಳ. ಕಾಗದದ ಮುಕ್ಕಾಲು ಪಾಲು ಜಾಗ ಆ ಮೂರು ಶಬ್ದಕ್ಕೇ ಹಿಡಿಯಿತು.